ಬಲಶಾಲಿ ಚಿಪ್ ಮತ್ತು ಬೆಸೆಯುವ ಕೈ



ಕನ್ನಡ ಮಾಧ್ಯಮದ ಮಗುವಿಗೆ ಎಲೆಕ್ಟ್ರಾನಿಕ್ಸ್ ಒಲಿದೀತೇ ಎಂಬ ಶಂಕೆಯನ್ನು ಕಾಸರಗೋಡಿನ ಅನೇಕ ಮನೆಗಳಲ್ಲಿ ಕೇಳಿದ್ದೇನೆ. ನಿವೃತ್ತಿಯ ಬಳಿಕ ನೆರೆಮನೆಯ ಪ್ರೌಢಶಾಲಾ ಬಾಲಕನೊಬ್ಬ, ಅಡಿಕೆಯಂಗಳದ ತೇವಾಂಶವನ್ನು ಅಳೆದು ಪುಟ್ಟ ಪರದೆಯಲ್ಲಿ ತೋರಿಸುವ ಸಲಕರಣೆಯನ್ನು ಕೈಯಾರೆ ಬೆಸೆಯಹೊರಟ. ಮೈಕ್ರೋಕಂಟ್ರೋಲರ್ ಯಾವುದಿರಬೇಕೆಂಬುದನ್ನು ನಾವು ಕನ್ನಡದಲ್ಲಿಯೇ ಚರ್ಚಿಸಿದೆವು.

ಅವನಿಗೆ ಬಲಶಾಲಿಯಾದುದೇ ಬೇಕಿತ್ತು. ಆದರೆ ಆರ್‌ಪಿ2040 ಚಿಪ್ಪಿನ 56 ಸಂಪರ್ಕಗಳು 7 ಮಿ.ಮೀ. ಚೌಕದ ಅಂಚಿನಲ್ಲಿ 0.4 ಮಿ.ಮೀ. ಅಂತರದಲ್ಲಿವೆ, ಎಳೆಯ ಕೈಯ ಬೆಸುಗೆಗೆ ಅವು ದಕ್ಕುವುದಿಲ್ಲ. ಅಟ್‌ಮೆಗಾ328ಪಿ ಚಿಪ್ಪಿನ 28 ಕಾಲುಗಳ ಮಾದರಿಯಲ್ಲಿ 2.54 ಮಿ.ಮೀ. ಅಂತರವಿದ್ದು, ತೂತುಗಳ ಫಲಕದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅದರ ರ‍್ಯಾಮ್ ಕೇವಲ 2 ಕಿಲೋಬೈಟ್. 128×64 ಚುಕ್ಕೆಗಳ ಪರದೆಯ ಚಿತ್ರವೊಂದೇ ಅದರಲ್ಲಿ ಅರ್ಧವನ್ನು ನುಂಗುತ್ತದೆ.

ನಡುದಾರಿ ರಾಸ್ಪ್‌ಬೆರಿ ಪೈ ಪಿಕೊ. ಆರ್‌ಪಿ2040 ಅನ್ನು ಕಾರ್ಖಾನೆಯೇ ಬೆಸೆದುಕೊಟ್ಟಿರುತ್ತದೆ. ರ‍್ಯಾಮ್ 264 ಕಿಲೋಬೈಟ್. ಅಂಚಿನ 40 ಸಂಪರ್ಕಗಳಿಗೆ ಅದೇ 2.54 ಮಿ.ಮೀ. ಅಂತರ. ಒಂದು ಎಚ್ಚರ ಮಾತ್ರ ಅಗತ್ಯ: ಅದರ ಪಿನ್‌ಗಳು 3.3 ವೋಲ್ಟಿನವು; 5 ವೋಲ್ಟಿನ ಸಂಕೇತವನ್ನು ನೇರವಾಗಿ ಕೊಡಬಾರದು.

ಚಿಪ್ಪಿನ ಮಾಹಿತಿಪತ್ರ ಇಂಗ್ಲಿಷಿನಲ್ಲಿದೆ, ನಿಜ. ಮಲಯಾಳ ಮಾಧ್ಯಮದ ಮಗುವಿಗೂ ಅದು ಇಂಗ್ಲಿಷೇ. ಪದಗಳನ್ನು ಮುಂದೆಯೂ ಕಲಿಯಬಹುದು. ಇದೇ ಏಕೆ, ಅದೇಕಲ್ಲ ಎಂದು ತೂಗಿ ನೋಡುವ ಬುದ್ಧಿಯು ಚೆನ್ನಾಗಿ ಬಲ್ಲ ಭಾಷೆಯಲ್ಲಿ ಮೊದಲು ಬಲಿಯಬೇಕು.

ಮಕ್ಕಳ ಸಂಖ್ಯೆ ಕುಸಿದರೆ ಕನ್ನಡ ತರಗತಿ ಉಳಿಯದು. ಈ ಭಯವೊಂದರಿಂದಲೇ ನಿಮ್ಮ ಮಗುವನ್ನು ಅಲ್ಲಿಂದ ಬಿಡಿಸಬೇಡಿರೆಂದು ವಿನಂತಿಸುತ್ತೇನೆ.