ಕೊಂಬುಳ್ಳ ದುಂಬಿ

ಮುಂಗಾರು ಮಳೆ ಹಿಡಿದು ನೆಲ ತಣಿದ ಮೇಲೆ ಹೊನ್ನಾಳಿ ಸೀಮೆಯ ಹಳ್ಳಿಗಳಲ್ಲಿ ಸಂಜೆಯ ದೀಪಕ್ಕೆ ಬರುವ ಅತಿಥಿಗಳಿಗೆ ಲೆಕ್ಕವಿಲ್ಲ. ರೆಕ್ಕೆಯ ಗೆದ್ದಲು, ಮಿಡತೆ, ಪತಂಗ ಇವೆಲ್ಲ ಬಂದು ಬಿದ್ದು ಹೋಗುವುವು. ಅವುಗಳ ಕುಲಗೋತ್ರವನ್ನು ಯಾರೂ ವಿಚಾರಿಸರು. ಆದರೆ ಗೋವಿನಕೋವಿಯ ಮನೆಯೊಂದರ ಜಗಲಿಗೆ ಒಂದು ಸಂಜೆ ಕಲ್ಲೆಸೆದಂತೆ ಸದ್ದುಮಾಡಿ ಬಿದ್ದ ಜೀವಿಯನ್ನು ವಿಚಾರಿಸದೆ ಬಿಡುವಂತಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪ, ಎರಡಂಗುಲ ಉದ್ದ, ಕಪ್ಪಗೆ ಮಿರುಗುವ ಮೈ, ತಲೆಯ ಮೇಲೆ ಹಿಂದಕ್ಕೆ ಬಾಗಿದ ಕೊಂಬು. ಮಕ್ಕಳು ಚೇಳೆಂದು ಕೂಗಿ ಹಿಂದೆ ಸರಿದರು; ಒಬ್ಬನು ಕೆರವನ್ನೆತ್ತಿದನು. "ಹೊಡೆಯಬೇಡವೋ, ಮೊದಲು ಅದು ಏನೆಂದು ನೋಡು" ಎಂದು ಅಜ್ಜಿ ತಡೆದು, ಹಿತ್ತಾಳೆಯ ಬಟ್ಟಲನ್ನು ಅದರ ಮೇಲೆ ಕವುಚಿದಳು. ಬಟ್ಟಲು ತಾನಾಗಿಯೇ ನೆಲದ ಮೇಲೆ ಸರಿಯತೊಡಗಿತು!

ಪೇಟೆಯಲ್ಲಿ ಓದುತ್ತಿದ್ದ ಹಿರಿಯ ಮೊಮ್ಮಗನು ಬಟ್ಟಲನ್ನೆತ್ತಿ ಪರೀಕ್ಷಿಸಿದನು. ಕಾಲು ಆರು; ಚೇಳಿಗಾದರೋ ಎಂಟು. ಬೆನ್ನಿನ ಮೇಲೆ ಚಿಪ್ಪಿನಂತಹ ಗಟ್ಟಿ ರೆಕ್ಕೆಗಳೆರಡು, ಅವುಗಳಡಿಯಲ್ಲಿ ಮಡಿಸಿಟ್ಟ ತೆಳುರೆಕ್ಕೆಗಳೆರಡು. ಆದುದರಿಂದ ದುಂಬಿಯ ಜಾತಿ. ಕೊಂಬಿನಲ್ಲಿ ವಿಷವಿಲ್ಲ. ಲಿನೇಯಸ್ ಪಂಡಿತನು 1758ರಲ್ಲಿಯೇ ಈ ದುಂಬಿಗೆ ಖಡ್ಗಮೃಗದ ಹೆಸರನ್ನಿಟ್ಟನು. ತೆಂಗಿನ ತೋಟದವರು ಇದನ್ನು ಕುರುವಾಯಿ ಎನ್ನುವರು. ಗಂಡಿನ ಕೊಂಬು ಉದ್ದ, ಹೆಣ್ಣಿನದು ಗಿಡ್ಡ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಕೆಂಗೂದಲಿನ ಕುಚ್ಚಿರುವುದು. ಇದಕ್ಕೆ ಕುಚ್ಚಿದ್ದಿತು.

ಇದರ ಆಹಾರ ತೆಂಗಿನ ಸುಳಿಯೆಂದು ಅವನು ಹೇಳಿದೊಡನೆ ಅಜ್ಜಿಯ ಮುಖ ಬದಲಾಯಿತು. ಹಿತ್ತಲಲ್ಲಿ ಅಜ್ಜನು ತನ್ನ ಕೊನೆಯ ವರ್ಷದಲ್ಲಿ ನೆಟ್ಟ ತೆಂಗಿನ ಸಸಿಯೊಂದಿದ್ದಿತು. ಎರಡು ವರ್ಷಗಳಿಂದ ಅದರ ಗರಿಗಳು ಕತ್ತರಿಯಿಂದ ಕೊಯ್ದಂತೆ, ಬೀಸಣಿಗೆಯ ಆಕಾರದಲ್ಲಿ ತುಂಡಾಗಿ ಹೊರಡುತ್ತಿದ್ದುವು. ಇದು ಪಕ್ಕದ ಮನೆಯ ಹುಡುಗನ ಕೆಲಸವೆಂದು ನಂಬಿ ಅವಳು ಆ ಮನೆಯವರೊಡನೆ ಮಾತು ಬಿಟ್ಟಿದ್ದಳು.

ಮೊಮ್ಮಗನು ಕಾಗದವೊಂದನ್ನು ಹಲವು ಮಡಿಕೆಯಾಗಿ ಮಡಿಸಿ, ಒಂದು ಕಡೆ ಕತ್ತರಿಸಿ, ಬಿಡಿಸಿ ತೋರಿಸಿದನು. ಕತ್ತರಿಸಿದುದು ಒಂದೇ ಸಲ. ಕಂಡಿಗಳು ಮಾತ್ರ ಎರಡು ಪಕ್ಕಗಳಲ್ಲಿಯೂ ಸಾಲಾಗಿದ್ದುವು. ಮಡಿಕೆಯಾಗಿರುವ ಎಳೆಯ ಸುಳಿಯನ್ನು ದುಂಬಿಯು ರಾತ್ರಿಯಲ್ಲಿ ಕೊರೆಯುವುದು. ಗರಿ ಬಿಚ್ಚಿಕೊಂಡಾಗ ಆ ಗಾಯವೇ ಬೀಸಣಿಗೆಯಂತೆ ಕಾಣುವುದು. ಅಜ್ಜಿ ಕಾಗದವನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ಮರುದಿನ ಹಿತ್ತಲ ತಿಪ್ಪೆಯನ್ನು ಬಗೆದರು. ಬಿಲ್ಲಿನಂತೆ ಬಾಗಿದ, ಕಂದು ತಲೆಯ ಬಿಳಿಯ ಗೊಣ್ಣೆಹುಳುಗಳು ಅಲ್ಲಿ ತುಂಬಿದ್ದುವು. ಕೊಳೆತ ಗೊಬ್ಬರದಲ್ಲಿ ಹೆಣ್ಣು ಮೊಟ್ಟೆಯಿಡುವುದು; ಹತ್ತು ಹನ್ನೆರಡು ದಿನಗಳಲ್ಲಿ ಮರಿಯೊಡೆದು, ತಿಂಗಳುಗಟ್ಟಲೆ ಅಲ್ಲಿಯೇ ತಿಂದು ಬೆಳೆದು, ದುಂಬಿಯಾಗಿ ತೆಂಗಿಗೆ ಹಾರುವುದು. ಕಳ್ಳನು ಬೇಲಿಯಾಚೆಯವನಾಗಿರಲಿಲ್ಲ, ಮನೆಯ ಗೊಬ್ಬರವುಂಡೇ ಬೆಳೆದವನು.

ಈ ಪೀಡೆ ಒಂದು ಊರಿನದಲ್ಲ. ಸಿಂಹಳದಿಂದ ರಬ್ಬರ್ ಸಸಿಗಳೊಡನೆ 1909ರಲ್ಲಿ ಸಮೋವಾ ದ್ವೀಪವನ್ನು ಸೇರಿದ ಇದು ಅಲ್ಲಿನ ತೆಂಗನ್ನು ಹಾಳುಗೆಡವಿತು. 1963ರಲ್ಲಿ ಜರ್ಮನಿಯ ಹ್ಯೂಗರ್ ಎಂಬ ವಿಜ್ಞಾನಿಯು ಮಲಯದಲ್ಲಿ ಇದಕ್ಕೆ ತಗಲುವ ವೈರಸ್ ರೋಗವನ್ನು ಕಂಡುಹಿಡಿದ ಮೇಲೆ, ಆ ರೋಗವನ್ನೇ ಸಮೋವಾದಲ್ಲಿ ಹರಡಿ ಹಾವಳಿಯನ್ನು ತಗ್ಗಿಸಿದರು. 1916ರಿಂದಲೂ ತೆಂಗಿನ ಸಂಶೋಧನೆ ನಡೆದಿರುವ ಕಾಸರಗೋಡಿನ ವಿಜ್ಞಾನಿಗಳು, ಹುಳುಗಳನ್ನು ಕೊಲ್ಲುವ ಹಸುರು ಬೂಷ್ಟನ್ನು ಗೊಬ್ಬರದ ಗುಂಡಿಗೆ ಬೆರೆಸಲು ಹೇಳುವರು. ಮನೆಯವರ ಕೈಗೆಟುಕುವ ಉಪಾಯಗಳೂ ಉಂಟು: ಸುಳಿಯಲ್ಲಿ ಅಡಗಿದ ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆಯುವುದು, ಗರಿಗಳ ಬುಡದ ಸಂದಿಗೆ ಮರಳು ಬೆರೆಸಿದ ಬೇವಿನ ಹಿಂಡಿಯನ್ನು ತುಂಬುವುದು. ತಡಮಾಡಿದರೆ ಗಾಯದ ದಾರಿಯಲ್ಲಿ ಕೆಂಪುಮೂತಿ ಹುಳು ಹೊಕ್ಕು ಮರವನ್ನೇ ಕೊಲ್ಲಬಹುದು.

ಹುಳುಗಳನ್ನು ಆಯ್ದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಜ್ಜಿ ಕೈಕಾಲು ತೊಳೆದುಕೊಂಡು, ಆ ಕತ್ತರಿಸಿದ ಕಾಗದವನ್ನು ಸೆರಗಿನ ಮರೆಯಲ್ಲಿ ಹಿಡಿದು, ಎರಡು ವರ್ಷಗಳಿಂದ ತುಳಿಯದಿದ್ದ ಪಕ್ಕದ ಮನೆಯ ಬಾಗಿಲಿಗೆ ಹೋದಳು. ಅಲ್ಲಿ ಏನು ಹೇಳಿದಳೋ ಯಾರೂ ಕೇಳಲಿಲ್ಲ. ಸಂಜೆ ಆ ಮನೆಯ ಹುಡುಗನು ಕೊಕ್ಕೆ ಹಿಡಿದು ತೆಂಗಿನ ಸುಳಿಯನ್ನು ಶೋಧಿಸುತ್ತಿದ್ದನು. ಅಜ್ಜಿ ಕೆಳಗೆ ನಿಂತು ದೀಪ ಹಿಡಿದಿದ್ದಳು.