ಹಿಮಗಿರಿಯಲ್ಲಿ ಜೋಲಿಯ ಶಯನ

ಅಮೆರಿಕದ ವರ್ಜೀನಿಯಾ ಸಂಸ್ಥಾನದ ಪರ್ವತಗಳಲ್ಲಿ ಮೌಂಟ್ ರಾಜರ್ಸ್ ಎಂಬುದೇ ಅತ್ಯುನ್ನತವಾದುದು. ಎತ್ತರ 5,729 ಅಡಿ. ಸ್ಪ್ರೂಸ್, ಫರ್ ಎಂಬ ಸೂಜಿಯೆಲೆಯ ವೃಕ್ಷಗಳು ಅದರ ಶಿಖರವನ್ನು ಮುಚ್ಚಿವೆ. ಆ ದೇಶದಲ್ಲಿ ನೆಲಸಿರುವ ಐವರು ಕನ್ನಡಿಗ ತರುಣರೊಡನೆ ನಾವು ಶಿಖರದ ಕೆಳಗಣ ಕಾಡಿನಲ್ಲಿ ಮಾಘಮಾಸದ ಒಂದು ರಾತ್ರಿಯನ್ನು ಮರಗಳಿಗೆ ಜೋಲಿ ಕಟ್ಟಿ ಕಳೆದೆವು.

ಹ್ಯಾಮಕ್ಕೆಂಬ ಈ ಜೋಲಿಯು ಕೆರಿಬಿಯನ್ ದ್ವೀಪವಾಸಿಗಳ ಶಯ್ಯೆ. 1492ರಲ್ಲಿ ಕೊಲಂಬಸನು ಇದನ್ನು ಅಲ್ಲಿ ಕಂಡನು. ಉಷ್ಣದೇಶದಲ್ಲಿ ಬೆನ್ನಡಿಯಲ್ಲಿ ಗಾಳಿಯಾಡುವುದೇ ಇದರ ಸುಖ. ಹಿಮದಲ್ಲಿ ಅದೇ ಅಪಾಯ. ಮೈಭಾರಕ್ಕೆ ಅದುಮಿದ ಹೊದಿಕೆಯು ಬೆಚ್ಚನೆಯ ಗಾಳಿಯನ್ನು ಹಿಡಿದಿಡಲಾರದು. ಆದುದರಿಂದ ಬಲ್ಲವರು ಮೃದುವಾದ ಗರಿ ತುಂಬಿದ ಕೌದಿಯೊಂದನ್ನು ಜೋಲಿಯ ಹೊರಗೆ, ಅದರ ತಳಕ್ಕೆ ತಾಗುವಂತೆ, ತೂಗಹಾಕುವರು. ಮೇಲೆ ಇಳಿಜಾರಾಗಿ ಬಟ್ಟೆಯ ಸೂರನ್ನು ಬಿಗಿಯುವರು.

ಗಂಟೆಗೊಬ್ಬರು ಸರದಿಯಂತೆ ಎದ್ದು ಉಳಿದವರನ್ನು ಹೆಸರು ಹಿಡಿದು ಕರೆಯತಕ್ಕದ್ದೆಂದು ಮೊದಲೇ ನಿಯಮ ಮಾಡಿಕೊಂಡಿದ್ದೆವು. ನಡುರಾತ್ರಿ ಬಿರುಗಾಳಿಯೆದ್ದಿತು. ನಮ್ಮ ಸರದಿಯಲ್ಲಿ ಕರೆದಾಗ ಎಲ್ಲರಿಗಿಂತ ಕಿರಿಯವನ ಉತ್ತರ ತೊದಲಿತು. ಚಳಿಯಿಂದ ನಡುಗುವವನ ನಾಲಿಗೆ ತೊಡರುವುದು ದೇಹದ ಶಾಖ ಕುಂದುತ್ತಿರುವುದರ ಲಕ್ಷಣ. ದೀಪ ಹಿಡಿದು ನೋಡಲು ಅವನ ಕೌದಿಯು ಗಾಳಿಗೆ ಪಕ್ಕಕ್ಕೆ ಸರಿದುಹೋಗಿದ್ದಿತು. ಪರರ ನಿದ್ರೆ ಕೆಡಿಸಬಾರದೆಂದು ಆತನು ಸುಮ್ಮನಿದ್ದನಂತೆ! ಕೂಡಲೇ ಎಲ್ಲರೂ ಎದ್ದು, ಒದ್ದೆಯಾದ ಅಂಗಿಯನ್ನು ಕಳಚಿಸಿ, ಒಣಗಿದ ಉಣ್ಣೆಯ ಉಡುಪನ್ನು ತೊಡಿಸಿ, ಬಿಸಿಯಾದ ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಕೌದಿಯನ್ನು ಭದ್ರವಾಗಿ ಕಟ್ಟಿದೆವು. ಮಾತು ನೆಟ್ಟಗಾಗುವವರೆಗೆ ಒಬ್ಬರೂ ಮಲಗಲಿಲ್ಲ.

ಬೆಳಗಾಗುವಾಗ ಕೊಂಬೆಕೊಂಬೆಯೂ ಮಂಜುಗಟ್ಟಿ ಬೆಳ್ಳಗೆ ಹೊಳೆಯುತ್ತಿದ್ದಿತು. ಇಂತಹ ಯಾತ್ರೆಗೆ ಮಕ್ಕಳನ್ನು ಕಳುಹುವ ಗೃಹಸ್ಥರು ಕಂಬಳಿಯೊಡನೆ ಈ ಒಂದು ಮಾತನ್ನೂ ಕಟ್ಟಿಕೊಡಲಿ: ಚಳಿಯಾದರೆ ನಾಚದೆ ಜೊತೆಯವರನ್ನು ಎಬ್ಬಿಸು.