ಗೋಳಗುಮ್ಮಟವೇ ಸೂರ್ಯನಾದರೆ

ಜೈನಾಪುರದ ಅಕ್ಕನ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಾಳಿಗೆ ಹತ್ತುವುದು ನಮ್ಮ ರೂಢಿ. ಈ ಸಲ ಅಕ್ಕನ ಮಗಳು ಸೌರಮಂಡಲದ ಚಾರ್ಟ್ ಹಿಡಿದೇ ಬಂದಳು. ಮರುದಿನ ಶಾಲೆಯಲ್ಲಿ ತೋರಿಸಬೇಕಂತೆ.

"ಮಾಮಾ, ಗುರುಗ್ರಹ ಭಾಳ ದೂರ ಐತಂತ. ಮತ್ತ ಚಿತ್ರದಾಗ ಯಾಕ ಮಂಗಳನ ಬಾಜೂಕ ಐತಿ?"

ಬೆಳಗ್ಗೆಯಷ್ಟೇ ವಿಜಯಪುರದಲ್ಲಿ ಗೋಳಗುಮ್ಮಟ ನೋಡಿದ್ದೆವು. ಸುಮಾರು 44 ಮೀಟರ್ ಅಗಲದ ಆ ಗುಮ್ಮಟವೇ ಸೂರ್ಯ ಅಂದುಕೋ ಎಂದೆ. ಆಗ ಭೂಮಿ ಒಂದು ಕೊಡದಷ್ಟು, ಇರುವುದು 4.7 ಕಿ.ಮೀ. ದೂರದಲ್ಲಿ. ಮಂಗಳ 7 ಕಿ.ಮೀ. ಗುರು ಮಾತ್ರ ಸುಮಾರು 25 ಕಿ.ಮೀ., ಹೆಚ್ಚುಕಡಿಮೆ ಬಬಲೇಶ್ವರದ ಹತ್ತಿರ!

ಹೀಗೇಕೆ? 460 ಕೋಟಿ ವರ್ಷಗಳ ಹಿಂದೆ ಸೂರ್ಯನ ಸುತ್ತ ಇದ್ದದ್ದು ಅನಿಲ, ದೂಳಿನ ತಟ್ಟೆ. ಹತ್ತಿರದಲ್ಲಿ ಕಾವು ಜಾಸ್ತಿ, ನೀರು ಆವಿ; ಕಲ್ಲು, ಲೋಹವಷ್ಟೇ ಉಳಿದು ಸಣ್ಣ ಗ್ರಹಗಳಾದವು. ದೂರದ ಥಂಡಿಯಲ್ಲಿ ಮಂಜುಗಡ್ಡೆಯೂ ಕೂಡಿಕೊಂಡಿತು. ಗುರು ದೊಡ್ಡದಾಗಿ ಅನಿಲವನ್ನೂ ಎಳೆದುಕೊಂಡಿತು. ದೊಡ್ಡದರ ಸೆಳೆತವೂ ದೊಡ್ಡದು, ಪಕ್ಕದಲ್ಲಿ ಇನ್ನೊಂದು ನೆಲೆ ನಿಲ್ಲಲು ಬಿಡದು. ಮಂಗಳ, ಗುರುವಿನ ನಡುವಿನ ಕ್ಷುದ್ರಗ್ರಹಗಳು ಕೂಡಿ ಗ್ರಹವಾಗದ್ದಕ್ಕೂ ಮುಖ್ಯವಾಗಿ ಗುರುವೇ ಕಾರಣ.

"ಹಂಗಾರ ಈ ಹಾಳಿ ಸಾಲಂಗಿಲ್ಲ" ಅಂದಳು. ನೆಪ್ಚೂನ್ 140 ಕಿ.ಮೀ. ಆಚೆ ಎಂದು ನಾನು ಹೇಳಲೇ ಇಲ್ಲ! ಚಿತ್ರ ಹಾಗೇ ಬಿಟ್ಟು, ಗುರುವಿನ ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣಗೆ 'ಬಬಲೇಶ್ವರ' ಎಂದು ಬರೆದುಕೊಂಡಳು.